ಎಷ್ಟು ಹೊತ್ತು ಕಾಯಲಿ

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಅವರಿವರ ಬಾಯಿಂದ ಬಂದ ಮಾತಲ್ಲ. ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಅವನು ಸುಳ್ಳು ಹೇಳುವವನಲ್ಲ. ಹೇಳುವುದಕ್ಕೆ ಬೇಕಾದಷ್ಟು ಮಾತೂ ಅವನ ಹತ್ತಿರ ಇಲ್ಲ.

ಅವತ್ತು ಸೋಮವಾರ. ಆಫೀಸಿನಿಂದ ಹೊರಟಾಗ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ದೊಡ್ಡ ರಸ್ತೆ ಹಿಡಿದರೆ ಸುತ್ತು, ಹಳೇ ಗೋದಾಮುಗಳ ಹಿಂದಿನ ಓಣಿ ಹಿಡಿದರೆ ಬೇಗ ಮನೆ. ಓಣಿಯ ನಡುವೆ ಒಂದು ಬಾವಿ. ಅದರ ನೀರು ಸೇದುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ರಾಟೆ ಯಾರೋ ಕಿತ್ತುಕೊಂಡು ಹೋಗಿದ್ದರು. ಕಟ್ಟೆ ಒಂದು ಕಡೆ ಕುಸಿದಿತ್ತು. ಪಕ್ಕದಲ್ಲಿ ಬೀಗ ಹಾಕಿದ ಒಂದು ತಗಡಿನ ಗೂಡಂಗಡಿ. ಅವನು ಆ ಕಡೆಗೆ ಮನೆ ಬದಲಾಯಿಸಿ ತಿಂಗಳಾಗಿತ್ತಷ್ಟೆ. ಆ ಅಂಗಡಿ ಯಾರದು, ಏಕೆ ಬೀಗ ಹಾಕಿದೆ, ಒಂದೂ ಗೊತ್ತಿರಲಿಲ್ಲ.

ಅವನಿಗೊಂದು ಚಟ. ಬಾವಿ ದಾಟುವಾಗ ಒಂದು ಕಲ್ಲು ಎತ್ತಿ ಒಳಕ್ಕೆ ಬಿಡುವುದು. ಬಿಟ್ಟು ಕಿವಿಗೊಡುವುದು. ಒಂದು... ಎರಡು... ಗುಳುಂ. ಅಷ್ಟು ಕೇಳಿಸಿದರೆ ಮುಂದಕ್ಕೆ ಹೆಜ್ಜೆ. ಕೆಲಸದ ಗುಣ ಅದು. ಕೇಳಿದ್ದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವುದೇ ಅವನ ಉದ್ಯೋಗ. ಆಫೀಸಿನಲ್ಲಿ ಎಲ್ಲರೂ ಅವನನ್ನು ಗಡಿಯಾರ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಗಡಿಯಾರ ಕಲ್ಲು ಬಿಟ್ಟ.

ಒಂದು... ಎರಡು... ಮೂರು...

ಸದ್ದಿಲ್ಲ.

ಅಂಗೈ ನೋಡಿಕೊಂಡ. ಖಾಲಿ. ಬಿಟ್ಟದ್ದು ನಿಜ. ಕಟ್ಟೆಯ ಮೇಲೆ ಕೈಯೂರಿ ಬಗ್ಗಿದ. ಒಳಗೆ ಕತ್ತಲು, ತಣ್ಣನೆಯ ಗಾಳಿ. ಎಲ್ಲೋ ಒಂದು ತಗಡು ಕಟ್... ಕಟ್... ಎಂದು ಬಡಿದುಕೊಳ್ಳುತ್ತಿತ್ತು. ಅದೂ ನಿಂತಿತು.

ಕುಸಿದ ಕಟ್ಟೆಯ ಆಚೆಯಿಂದ ಒಂದು ಪಿಸುದನಿ.

"ಎಷ್ಟು ಹೊತ್ತು ಕಾಯಲಿ?"

ಗಡಿಯಾರ ಥಟ್ಟನೆ ನೆಟ್ಟಗಾದ. "ಯಾರದು?"

"ನಾನೇ ಮಗಾ."

ಒಬ್ಬ ಮುದುಕಿ. ಒಂದು ಕಾಲನ್ನು ಪಕ್ಕಕ್ಕೆ ಚಾಚಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಫೋನು. ಅದರ ಬೆಳಕು ಅವಳ ಗಲ್ಲದವರೆಗೆ ಮಾತ್ರ ಬೀಳುತ್ತಿತ್ತು.

"ಇಷ್ಟು ಹೊತ್ತಲ್ಲಿ ಇಲ್ಲೇನ್ ಮಾಡ್ತಿದೀರಜ್ಜೀ?"

"ಗಾಡಿಗೆ ಕಾಯ್ತಿದೀನಿ."

"ಕರೆದಿದೀರಾ?"

"ಕರೆದೆ... ಸುತ್ತುತ್ತಾ ಇದೆ."

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. ಆ ಪರದೆ ಅವನಿಗೆ ಚೆನ್ನಾಗಿ ಗೊತ್ತು. ಅವನ ಆಫೀಸಿನದೇ. ಕೆಳಗೆ ಹಸಿರು ಗುಂಡಿ, 'ಆಂಬ್ಯುಲೆನ್ಸ್ ಕರೆಯಿರಿ'. ನಡುವೆ ಒಂದು ಸಣ್ಣ ಚಕ್ರ. ಸುತ್ತುತ್ತಿತ್ತು.

"ಏಟಾಗಿದೆಯಾ? ಬೇರೆ ಯಾರಿಗಾದ್ರೂ ಫೋನ್ ಮಾಡ್ಲಾ?"

"ಬೇಡಪ್ಪ. ಮೊದಲು ಇದು ಮುಗೀಲಿ. ಎಷ್ಟು ಹೊತ್ತು ಅಂತ ಹೇಳು... ಅಷ್ಟು ಕಾಯ್ತೀನಿ."

ಅವನು ಓಣಿಯ ತುದಿ ನೋಡಿದ, ಯಾವುದಾದರೂ ಗಾಡಿಯ ದೀಪ ಕಾಣುತ್ತದೇನೋ ಎಂದು. ಇಲ್ಲ. ಇತ್ತ ತಿರುಗಿದ.

ಮುದುಕಿ ಇರಲಿಲ್ಲ. ಫೋನಿನ ಬೆಳಕೂ ಇರಲಿಲ್ಲ. ಒಂದು ವಾಸನೆ ಮಾತ್ರ ಇತ್ತು. ಆಗತಾನೆ ಇಸ್ತ್ರಿ ಮಾಡಿಟ್ಟ ಬಟ್ಟೆಯ ಬಿಸಿ ವಾಸನೆ.

ಅವನು ಓಡಲಿಲ್ಲವಂತೆ. ಬೇಗ ನಡೆದನಂತೆ. ಬಾಗಿಲು ತೆಗೆದ ಹೆಂಡತಿಯ ಪ್ರಕಾರ ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

"ದೆವ್ವ ಕಂಡೋರ ಹಾಗೆ ಬಂದಿದೀರಲ್ರೀ."

"ಹ್ಞೂಂ," ಎಂದ ಗಡಿಯಾರ. ಸೋಮವಾರದ ಆಯಾಸ ಎಂದುಕೊಂಡ. ತಲೆ ಚಿಟ್ಟು ಹಿಡಿದಿದ್ದರೆ ಕಣ್ಣಿಗೆ ಏನು ಬೇಕಾದರೂ ಕಾಣಬಹುದು. ಅವನ ತಲೆ ಚಿಟ್ಟು ಹಿಡಿದು ಆಗಲೇ ಮೂರು ವಾರವಾಗಿತ್ತು.

ಅದೇನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವನ ಆಫೀಸಿನವರು ಆಂಬ್ಯುಲೆನ್ಸ್ ಕರೆಯುವ ಒಂದು ವೆಬ್ ಆ್ಯಪ್ ಮಾಡಿದ್ದರು. ಜನ ಫೋನಿನಲ್ಲಿ ಗುಂಡಿ ಒತ್ತಿದರೆ ಕೋರಿಕೆ ಸರ್ವರ್‌ಗೆ ಹೋಗುತ್ತದೆ. 'ಸಿಕ್ಕಿತು, ಗಾಡಿ ಹೊರಟಿದೆ' ಎಂದು ಸರ್ವರ್ ಉತ್ತರಿಸುತ್ತದೆ. ಕೆಲವು ತಿಂಗಳಿಂದ ಅದು ಪ್ರಯೋಗದಲ್ಲಿತ್ತು. ಜೊತೆಗೆ ಹಳೆಯ ಫೋನ್ ಲೈನೂ ಇತ್ತು. ಬರುವ ಶನಿವಾರ ಆ ಲೈನನ್ನು ಕಿತ್ತುಹಾಕುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು, ಆ್ಯಪ್ ಬೇಗ ಉತ್ತರ ಕೊಡುತ್ತದೆ, ನಂಬಬಹುದು ಎಂದು ಒಬ್ಬರು ರುಜು ಹಾಕಬೇಕು. ಶುಕ್ರವಾರದೊಳಗೆ. ಆ ಒಬ್ಬರು ಗಡಿಯಾರ.

ಅವನ ಅಳತೆ ಹೀಗೆ. ಅವನೇ ಬರೆದ ಒಂದು ಪ್ರೋಗ್ರಾಮು. ಅದರಲ್ಲಿ ಎಂಟು ಆಳುಗಳು. ಮನುಷ್ಯರಲ್ಲ, ಪ್ರೋಗ್ರಾಮಿನೊಳಗಿನ ಆಳುಗಳು. ಒಬ್ಬೊಬ್ಬ ಆಳೂ ಗುಂಡಿ ಒತ್ತಿದವರ ಹಾಗೆ ಒಂದು ಕೋರಿಕೆ ಕಳಿಸುತ್ತಾನೆ. ಉತ್ತರ ಬಂದ ಕೂಡಲೇ ಎಷ್ಟು ಹೊತ್ತಾಯಿತೆಂದು ಗುರುತು ಹಾಕಿ, ಮತ್ತೆ ಕಳಿಸುತ್ತಾನೆ. ಹಗಲೂ ರಾತ್ರಿ ಇದೇ ಕೆಲಸ. ಸರಾಸರಿ ಅರ್ಧ ಸೆಕೆಂಡೂ ಇಲ್ಲ. ಗ್ರಾಫು ಪಚ್ಚೆ ಪೈರಿನ ಹಾಗೆ ಹಸಿರು. ಆಫೀಸಿನ ಯಜಮಾನರು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು.

ಆದರೆ ಫೋನಕ್ಕ ಬಿಡುತ್ತಿರಲಿಲ್ಲ. ಫೋನಕ್ಕ ಎಂದರೆ ಆಂಬ್ಯುಲೆನ್ಸ್ ಗ್ಯಾರೇಜಿನಲ್ಲಿ ಹಳೇ ಲೈನಿನ ಮುಂದೆ ರಾತ್ರಿ ಪಾಳಿ ಕೂರುವ ಹೆಂಗಸು. ದಿನ ಬೆಳಗಾದರೆ ಅವನಿಗೆ ಅವಳ ಕರೆ.

"ಏನ್ ಗಡಿಯಾರಣ್ಣ, ಎದ್ರಾ? ನಿನ್ನೆ ರಾತ್ರೀನೂ ಇಬ್ರು ಫೋನ್ ಮಾಡಿದ್ರು. ಆ್ಯಪ್ ಒತ್ತಿದ್ರೆ ಸುಮ್ನೆ ಸುತ್ತುತ್ತಂತೆ."

"ನಮ್ಮಲ್ಲಿ ಎಲ್ಲ ಅರ್ಧ ಸೆಕೆಂಡಲ್ಲಿ ಬರ್ತಿದೆ ಅಕ್ಕಾ."

"ಬಂದಿದ್ದು ಬರ್ತಿದೆ. ಬರದೇ ಇದ್ದಿದ್ದು?"

"ಅವರ ನೆಟ್ ಸರಿ ಇರಲ್ಲ."

"ಹೌದಪ್ಪ, ಎಲ್ಲರ ನೆಟ್ಟೂ ಕೆಟ್ಟಿರುತ್ತೆ, ನಿಮ್ಮ ಆಫೀಸಿಂದು ಬಿಟ್ಟು."

ಫೋನ್ ಇಟ್ಟ ಮೇಲೂ ಆ ಮಾತು ಕಿವಿಯೊಳಗೆ ಸೊಳ್ಳೆಯ ಹಾಗೆ ಉಳಿಯುತ್ತಿತ್ತು. ಹುಡುಕದೇ ಇರಲಿಲ್ಲ ಅವನು. ಹಗಲೆಲ್ಲ ಹುಡುಕಿದ್ದ. ಹಗಲು ನೋಡಿದರೆ ಒಂದು ಕೂದಲೂ ಕೊಂಕಿರುತ್ತಿರಲಿಲ್ಲ. ಕೇಬಲ್ ನೋಡಿಕೊಳ್ಳುವವನು, "ನಮ್ಮ ತಂತಿ ಸರಿ ಇದೆ, ಸರ್ವರ್‌ನವರನ್ನ ಕೇಳಿ," ಎನ್ನುತ್ತಿದ್ದ. ಸರ್ವರ್‌ನವನು, "ನಮ್ಮದು ಸರಿ ಇದೆ, ತಂತಿಯವರನ್ನ ಕೇಳಿ," ಎನ್ನುತ್ತಿದ್ದ. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವವರು. ಇವನು ಮಾತ್ರ ಇಬ್ಬರ ನಡುವೆ ಚೆಂಡಿನ ಹಾಗೆ ಉರುಳುತ್ತಿದ್ದ.

ಸಾಲದ್ದಕ್ಕೆ ಅವನ ಪ್ರೋಗ್ರಾಮು ಬೇರೆ. ರಾತ್ರಿ ಯಾವಾಗಲೋ ಅದು ಸ್ತಬ್ಧವಾಗಿಬಿಡುತ್ತಿತ್ತು. ಬೆಳಿಗ್ಗೆ ಬಂದರೆ ಗ್ರಾಫಿನಲ್ಲಿ ನಡುರಾತ್ರಿಯಿಂದೀಚೆಗೆ ಏನೂ ಇಲ್ಲ, ಖಾಲಿ. ಅದನ್ನು ಕಿಲ್ ಮಾಡಿ ಹೊಸದಾಗಿ ಶುರು ಮಾಡಬೇಕು. ಹಾಗೆ ಮಾಡಿದರೆ ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು. ಹಳೇ ಯಂತ್ರ, ರಾತ್ರಿ ನಿದ್ದೆ ಮಾಡುತ್ತದೆ ಎಂದು ಬೈದುಕೊಂಡು, ಹಲ್ಲುಜ್ಜುವಷ್ಟೇ ಅಭ್ಯಾಸವಾಗಿ ಅವನು ದಿನಾ ಅದನ್ನು ಕೊಲ್ಲುತ್ತಿದ್ದ.

ಆ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಬೇರೆ ವಿಷಯ ತೆಗೆದಳು. ಬಚ್ಚಲ ನಲ್ಲಿ ಸೋರಲು ಶುರುವಾಗಿ ಎರಡು ವಾರ. ಟಪ್... ಟಪ್... ಊಟದ ಮನೆಗೂ ಕೇಳಿಸುತ್ತಿತ್ತು.

"ನಲ್ಲಿಯವನು ಇವತ್ತೂ ಬರಲಿಲ್ಲ," ಎಂದಳು.

"ಒಳ್ಳೆಯವನು ಅಂದಿದ್ದೆಯಲ್ಲ?"

"ನಿಮ್ಮ ಲೆಕ್ಕದಲ್ಲಿ ಒಳ್ಳೆಯವನೇ. ಬಂದಿದ್ದು ಒಂದೇ ದಿನ, ಅವತ್ತು ಕರೆದ ಹತ್ತು ನಿಮಿಷಕ್ಕೇ ಬಂದ. ಬರದೇ ಇದ್ದ ದಿನ ಎಣಿಸಬಾರದಲ್ಲ!"

"ನಿನಗೆ ಎಲ್ಲಾ ತಮಾಷೆ," ಎಂದು ತಟ್ಟೆ ಎತ್ತಿಕೊಂಡು ಎದ್ದ. ಸಿಟ್ಟು ಅವಳ ಮೇಲಲ್ಲ. ಕೈಲಾಗದವನು ಮೈ ಪರಚಿಕೊಳ್ಳುವ ಸಿಟ್ಟು ಅದು.

ಮಂಗಳವಾರ ಬೆಳಿಗ್ಗೆ ಆಫೀಸು. ಎಂದಿನಂತೆ ಪ್ರೋಗ್ರಾಮು ಸ್ತಬ್ಧ. ಎಂದಿನಂತೆ ಕಿಲ್ ಮಾಡಲು ಕೀಲಿಯ ಮೇಲೆ ಬೆರಳಿಟ್ಟ.

ಎಷ್ಟು ಹೊತ್ತು ಕಾಯಲಿ?

ಬೆರಳು ಅಲ್ಲೇ ನಿಂತಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರೂ ಮಾತಾಡಿರಲಿಲ್ಲ. ಆ ಪ್ರಶ್ನೆ ಅವನೊಳಗೇ ಎದ್ದದ್ದು.

ಅವನು ಆ ಎಂಟು ಆಳುಗಳಿಗೆ ಎಷ್ಟು ಹೊತ್ತು ಕಾಯಬೇಕೆಂದು ಯಾವತ್ತೂ ಹೇಳಿರಲಿಲ್ಲ.

ಕೈ ಹಿಂದಕ್ಕೆ ತೆಗೆದುಕೊಂಡು, ಕೊಲ್ಲುವ ಬದಲು ಒಳಗೆ ಇಣುಕಿ ನೋಡಿದ. ಎಂಟರಲ್ಲಿ ಒಂದೂ ಕೆಟ್ಟಿರಲಿಲ್ಲ. ಎಂಟೂ ಕಾಯುತ್ತಿದ್ದವು. ರಾತ್ರಿ ಒಂದೊಂದಾಗಿ ಕೋರಿಕೆ ಕಳಿಸಿ, ಉತ್ತರ ಬಾರದೆ, ಸಾಕು ಎಂದು ಹೇಳುವವರಿಲ್ಲದೆ ಬೆಳಗಿನವರೆಗೂ ನಿಯತ್ತಿನಿಂದ ಕಾದು ಕೂತಿದ್ದವು. ಉತ್ತರ ಬಂದಾಗ ಮಾತ್ರ ಗುರುತು ಹಾಕಿ ಎಂದು ಬರೆದವನು ಅವನೇ. ಬಾರದ್ದಕ್ಕೆ ಗುರುತೇ ಇಲ್ಲ. ಇನ್ನು ದಿನಾ ಬೆಳಿಗ್ಗೆ ಅವನು ಕೊಲ್ಲುತ್ತಿದ್ದದ್ದು ಏನನ್ನು? ಅದೇ ಬಾರದ ಉತ್ತರಗಳನ್ನು. ಗೋಡೆಯ ಮೇಲಿನ ಹಸಿರು ಗ್ರಾಫು ವಾಪಸು ಬಂದವರ ಗ್ರಾಫು. ವಾಪಸು ಬಾರದವರನ್ನು ಅವನು ತನ್ನ ಕೈಯಾರೆ ಗುಡಿಸಿಹಾಕುತ್ತಿದ್ದ.

ಬೆಳಗಿನ ಚಹಾ ಆರಿ ಕೆನೆ ಕಟ್ಟಿತು. ಅವನು ಮುಟ್ಟಲಿಲ್ಲ.

ಅವತ್ತು ಎರಡು ಮಿತಿ ಹಾಕಿದ. ಒಂದು, ಸರ್ವರ್‌ನ ಬಾಗಿಲು ತಟ್ಟಿದ ಮೇಲೆ ತೆಗೆಯಲು ಇಷ್ಟು ಹೊತ್ತು. ಇನ್ನೊಂದು, ಬಾಗಿಲು ತೆಗೆದು ಒಳಗೆ ಕರೆದ ಮೇಲೆ ಉತ್ತರ ಕೊಡಲು ಇಷ್ಟು ಹೊತ್ತು. ಯಾವುದು ಮೀರಿದರೂ ಆಳು ಕಾಯುವುದನ್ನು ಬಿಟ್ಟು 'ಟೈಮ್‌ಔಟ್' ಎಂದು ಗುರುತು ಹಾಕಬೇಕು. ಯಾವ ಮಿತಿ ಮೀರಿತು ಎಂಬುದನ್ನೂ ಹೇಳಬೇಕು. ಬಾಗಿಲೇ ತೆಗೆಯದಿದ್ದರೆ ತಪ್ಪು ದಾರಿಯದು. ತೆಗೆದೂ ಉತ್ತರ ಬಾರದಿದ್ದರೆ ತಪ್ಪು ಒಳಗಿನವರದು.

ಬುಧವಾರ ಬೆಳಿಗ್ಗೆ ಬಂದು ನೋಡಿದರೆ ಪ್ರೋಗ್ರಾಮು ಓಡುತ್ತಲೇ ಇತ್ತು. ಗ್ರಾಫಿನಲ್ಲಿ ರಾತ್ರಿಯ ಭಾಗ ಖಾಲಿ ಇರಲಿಲ್ಲ. ಕೆಂಪಾಗಿತ್ತು. ನಾಲ್ಕಕ್ಕೆ ಒಂದು ಕೋರಿಕೆ ಟೈಮ್‌ಔಟ್. ಬಾಗಿಲು ಎಲ್ಲಕ್ಕೂ ತಕ್ಷಣ ತೆರೆದಿತ್ತು. ಉತ್ತರ ಬಂದಿರಲಿಲ್ಲ.

ಅವನು ಯಜಮಾನರ ಕೋಣೆಗೆ ಹೋದ. ಯಜಮಾನರು ಕೆಟ್ಟವರೇನಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ಜಾತಿ.

"ಇದೇನಯ್ಯಾ ಕೆಂಪು?"

"ಟೈಮ್‌ಔಟ್ ಸಾರ್. ಮುಂಚೆಯೂ ಇತ್ತು. ನಮ್ಮ ಅಳತೆಗೆ ಸಿಗ್ತಿರಲಿಲ್ಲ."

"ನೀನು ಮಿತಿ ಹಾಕೋಕೆ ಮುಂಚೆ?"

"ಹಸಿರಿತ್ತು."

"ಹಾಕಿದ ಮೇಲೆ?"

"ಕೆಂಪು."

"ಹಾಗಾದ್ರೆ ಮಿತಿ ತೆಗಿ."

ಗಡಿಯಾರ ಬಾಗಿಲು, ಆಳು, ಉತ್ತರ ಎಲ್ಲವನ್ನೂ ಬಿಡಿಸಿ ಹೇಳಿದ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಸರ್ವರ್‌ನವನನ್ನು ಕರೆಸಿದರು. ಅವನು ಕೋಣೆಯಲ್ಲೇ ನಿಂತು ಹತ್ತು ಸಲ ಗುಂಡಿ ಒತ್ತಿ ತೋರಿಸಿದ. ಹತ್ತೂ ಸಲ ಕಣ್ಣು ಮಿಟುಕಿಸುವುದರೊಳಗೆ ಉತ್ತರ.

"ರಾತ್ರಿ ಒತ್ತಿ," ಎಂದ ಗಡಿಯಾರ.

"ರಾತ್ರಿ ನಾವು ಮಲಗ್ತೀವಿ," ಎಂದ ಸರ್ವರ್‌ನವನು. ಯಜಮಾನರು ನಕ್ಕರು.

"ಶುಕ್ರವಾರ ರುಜು ಬೇಕು. ನಿನ್ನದು ಆಗದಿದ್ರೆ ಬೇರೆಯವರದು ಹಾಕಿಸ್ತೀನಿ. ಆಮೇಲೆ ನಿನ್ನ ಕುರ್ಚಿಗೂ ಬೇರೆಯವರು ಬರ್ತಾರೆ. ಯೋಚನೆ ಮಾಡು."

ಆಚೆ ಬಂದವನಿಗೆ ಯಾರ ಮುಖವನ್ನೂ ನೋಡುವುದು ಬೇಡವಾಗಿತ್ತು. ಸಂಜೆ ಸುಮ್ಮನೆ ನಡೆಯುತ್ತ ಹೋಗಿ ಆಂಬ್ಯುಲೆನ್ಸ್ ಗ್ಯಾರೇಜು ಮುಟ್ಟಿದ. ದಾರಿಯಲ್ಲಿ ಗೋದಾಮಿನ ಓಣಿಯ ಬಾಯಿಗೆ ಲಾರಿಯೊಂದು ಹಿಂದು ಹಿಂದಕ್ಕೆ ಹೋಗುತ್ತಿತ್ತು. ದಡದಡ ಎಂದು ಇಟ್ಟಿಗೆ ಚೂರು, ಮಣ್ಣು ಸುರಿಯುವ ಸದ್ದು. ಪಾಳುಬಾವಿ ಮುಚ್ಚಿಸುತ್ತಿದ್ದಾರೆ ಎಂದರು ಅಲ್ಲಿ ನಿಂತಿದ್ದವರು.

ಫೋನಕ್ಕನನ್ನು ಅವನು ಮುಖಾಮುಖಿ ನೋಡಿದ್ದು ಅದೇ ಮೊದಲು. ಪಾಳಿಗೆ ಆಗತಾನೆ ಬಂದಿದ್ದಳು. ಕಿರಿದಾದ ಕೋಣೆ, ಮೇಜಿನ ಮೇಲೆ ಹಳೇ ಕಪ್ಪು ಫೋನು. ಅವಳ ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

"ಗಡಿಯಾರ ಅಂದ್ರೆ ನೀವೇನಾ? ಇನ್ನೂ ದುಂಡಗಿರ್ತೀರಿ ಅಂದ್ಕೊಂಡಿದ್ದೆ."

ಅವನಿಗೆ ನಗು ಬರಲಿಲ್ಲ. "ನೀವು ಹೇಳಿದ್ದು ಸರಿ ಅಕ್ಕಾ. ಬರದೇ ಇದ್ದಿದ್ದನ್ನ ನಾನು ಎಣಿಸಿರಲಿಲ್ಲ. ನಾಲ್ಕಕ್ಕೆ ಒಂದು ಬರ್ತಿಲ್ಲ. ರಾತ್ರಿ ಮಾತ್ರ."

ಅವಳು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಮ್ಮಮ್ಮನೂ ಒತ್ತಿದ್ಳು," ಎಂದಳು. "ಪ್ರಯೋಗ ಶುರುವಾದ ತಿಂಗಳಲ್ಲಿ. ಜಾರಿ ಬಿದ್ದು ಸೊಂಟ ಮುರಿದಿತ್ತು. ಬೆಳಿಗ್ಗೆ ಪೇಪರ್ ಹಾಕೋನು ನೋಡಿದಾಗ ಜೀವ ಇರಲಿಲ್ಲ. ಕೈಯಲ್ಲಿ ಫೋನಿತ್ತು. ಅದು ಇನ್ನೂ ಸುತ್ತುತ್ತಿತ್ತು."

ಗಡಿಯಾರ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅವತ್ತು ರಾತ್ರಿ ನಾನು ಇಲ್ಲೇ ಕೂತಿದ್ದೆ ಗಡಿಯಾರಣ್ಣ. ಇದೇ ಫೋನ್ ಮುಂದೆ. ಒಂದು ಸಲ ಇದಕ್ಕೆ ಮಾಡಿದ್ರೆ ನಾನೇ ಎತ್ತಿರ್ತಿದ್ದೆ. ಮಾಡಲಿಲ್ಲ. ಯಾಕಂದ್ರೆ ನಾನೇ ಹೇಳಿಕೊಟ್ಟಿದ್ದೆ... ಫೋನ್ ಮಾಡ್ಬೇಡಮ್ಮ, ಹೊಸ ಗುಂಡಿ ಬಂದಿದೆ, ಅದನ್ನ ಒತ್ತು, ಬೇಗ ಬರ್ತಾರೆ ಅಂತ."

"ಯಜಮಾನರನ್ನ ಕೇಳಲಿಲ್ವಾ?"

"ಕೇಳ್ದೆ. ಅಂಥ ಕೋರಿಕೆ ಬಂದೇ ಇಲ್ಲ ಅಂದ್ರು. ವಯಸ್ಸಾದೋರು, ಒತ್ತೋಕೆ ಬಂದಿರಲ್ಲ ಅಂದ್ರು." ಅವಳ ದನಿ ಏರಲಿಲ್ಲ. "ನಲವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ. ಒಂದು ಗುಂಡಿ ಒತ್ತೋಕೆ ಬರಲ್ವಾ?"

"ಇಸ್ತ್ರಿ..."

"ಗೋದಾಮಿನ ಹಿಂದೆ ತಗಡಿನ ಅಂಗಡಿ. ಬಾವಿ ಪಕ್ಕ. ಬಿದ್ದಿದ್ದೂ ಅಲ್ಲೇ."

ಟ್ರಿಣ್... ಟ್ರಿಣ್... ಫೋನು ಹೊಡೆದುಕೊಂಡಿತು. ಅವಳು ಎತ್ತಿದಳು. "ಹೇಳಿ... ಗುಂಡಿ ಒತ್ಬೇಕಾ? ಬಿಡಿ ಅದನ್ನ, ವಿಳಾಸ ಹೇಳಿ."

ಗಡಿಯಾರ ಸೋಮವಾರ ಕಂಡದ್ದನ್ನು ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನನಗೆ ಹೇಳಿದ್ದಾನೆ.

ಗುರುವಾರ ಅವನು ರುಜು ಹಾಕಲಿಲ್ಲ. ಸಂಜೆಯಾಯಿತು. ಎಲ್ಲರೂ ಹೋದರು. ಯಜಮಾನರು ಹೋಗಲಿಲ್ಲ. ಮೇಲಿನವರಿಗೆ ಬೆಳಗಾದರೆ ಕಾಗದ ಒಪ್ಪಿಸಬೇಕಿತ್ತು. ಇಬ್ಬರೂ ಒಂದೇ ದೀಪದ ಕೆಳಗೆ, ಹಾಕದ ರುಜುವನ್ನು ನಡುವೆ ಇಟ್ಟುಕೊಂಡು ಕೂತರು. ನಡುರಾತ್ರಿ ದಾಟಿತು.

"ಹಟ ಮಾಡ್ಬೇಡ. ಹಾಕು," ಎಂದರು ಯಜಮಾನರು.

"ನೀವೇ ಒಂದು ಸಲ ಒತ್ತಿ ನೋಡಿ ಸಾರ್. ಈಗ."

"ಆಮೇಲೆ ಹಾಕ್ತೀಯಾ?"

"ನಾಲ್ಕು ಸಲ ಒತ್ತಿ. ನಾಲ್ಕೂ ಸಲ ಉತ್ತರ ಬಂದ್ರೆ ಹಾಕ್ತೀನಿ."

ಯಜಮಾನರು ಪರೀಕ್ಷೆಗೆಂದು ಇಟ್ಟಿದ್ದ ಫೋನು ತೆಗೆದುಕೊಂಡರು. ಒತ್ತಿದರು. ಟಿಂಗ್. ಉತ್ತರ ಬಂತು.

"ನೋಡಿದ್ಯಾ?"

ಮತ್ತೆ ಒತ್ತಿದರು. ಟಿಂಗ್.

"ಮೂರು ವಾರದಿಂದ ನನ್ನ ಪ್ರಾಣ ತಿಂದೆಯಲ್ಲಯ್ಯಾ, ಇದಕ್ಕಾ?"

ಮೂರನೆಯ ಸಲ. ಟಿಂಗ್. ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಅವನ ಮುಂದಿಟ್ಟರು. ಗಡಿಯಾರನಿಗೆ ತನ್ನ ಅಳತೆಯ ಮೇಲೇ ಅನುಮಾನ ಬಂತು.

ನಾಲ್ಕನೆಯ ಸಲ ಒತ್ತಿದರು.

ಚಕ್ರ ಸುತ್ತಿತು.

ಸುತ್ತುತ್ತಲೇ ಇತ್ತು.

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಯಜಮಾನರು ಫೋನು ಅಲ್ಲಾಡಿಸಿದರು. ಕಿಟಕಿಯ ಕಡೆ ಹಿಡಿದರು. ಮತ್ತೆ ಮೇಜಿನ ಮೇಲಿಟ್ಟು ನೋಡುತ್ತಾ ಕೂತರು. ಎಷ್ಟು ಹೊತ್ತಾಯಿತೋ. ಅಳೆಯುವುದೇ ಕಸುಬಾದವನೂ ಅವತ್ತು ಅಳೆಯಲಿಲ್ಲ.

"ಎಷ್ಟು ಹೊತ್ತು ಕಾಯಲಿ?" ಎಂದರು ಯಜಮಾನರು.

ಜೋರಾಗಿ ಅಲ್ಲ. ಪಿಸುಗುಟ್ಟಿದ ಹಾಗೆ. ಅದು ಅವರು ಮಾತಾಡುವ ರೀತಿಯೇ ಅಲ್ಲ.

"ನೀವೇ ಹೇಳಿ ಸಾರ್. ಸೊಂಟ ಮುರಿದುಕೊಂಡು ಓಣಿಯಲ್ಲಿ ಬಿದ್ದಿದ್ರೆ ಎಷ್ಟು ಹೊತ್ತು ಕಾಯ್ತಿದ್ರಿ?"

ಯಜಮಾನರು ತಲೆಯೆತ್ತಿ ಮೂಗರಳಿಸಿ ಎರಡು ಸಲ ಉಸಿರೆಳೆದುಕೊಂಡರು.

"ಇಷ್ಟು ಹೊತ್ತಲ್ಲಿ... ಯಾರಯ್ಯಾ ಇಸ್ತ್ರಿ ಮಾಡ್ತಿರೋದು?"

ಆ ಕಟ್ಟಡದಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಪೆನ್ನಿನ ಮುಚ್ಚಳವನ್ನು ಯಜಮಾನರೇ ಹಾಕಿದರು. ಸರ್ವರ್‌ನವನನ್ನು ನಿದ್ದೆಯಿಂದ ಎಬ್ಬಿಸಿ ಕರೆಸಿದ್ದೂ ಅವರೇ. ಅವನು ಕಣ್ಣುಜ್ಜುತ್ತಾ ಬಂದ. ರಾತ್ರಿಯ ಹೊತ್ತು ನೋಡಿದ ಮೇಲೆ ಕಾರಣ ಸಿಗಲು ಬೆಳಗಾಗಬೇಕಾಗಲಿಲ್ಲ. ಸರ್ವರ್‌ಗಳು ನಾಲ್ಕು, ಕೋರಿಕೆಗಳು ಸರದಿಯ ಮೇಲೆ ಒಂದೊಂದಕ್ಕೆ ಹೋಗುತ್ತವೆ. ನಾಲ್ಕನೆಯದು ರಾತ್ರಿ ತನ್ನಲ್ಲಿದ್ದದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿಡುತ್ತಿತ್ತು. ಆ ಹೊತ್ತಿನಲ್ಲಿ ಬಂದವರಿಗೆ ಬಾಗಿಲು ತೆಗೆದು, ಒಳಗೆ ಕೂರಿಸಿ, ಮರೆತುಬಿಡುತ್ತಿತ್ತು. ಬಂದಿದ್ದರು ಎಂಬ ಗುರುತನ್ನೂ ಉಳಿಸುತ್ತಿರಲಿಲ್ಲ.

"ಇಷ್ಟೇನಾ?" ಎಂದರು ಯಜಮಾನರು.

ಇಷ್ಟೇ. ಮೂರು ವಾರ ತಲೆ ಚಚ್ಚಿಕೊಂಡದ್ದು ಇಷ್ಟಕ್ಕೆ. ಒಂದು ಜೀವ ಹೋದದ್ದೂ ಇಷ್ಟಕ್ಕೇ. ಗಡಿಯಾರನಿಗೆ ಗೆದ್ದೆ ಅನ್ನಿಸಲಿಲ್ಲ. ಮೇಜಿಗೆ ಒಂದು ಸಲ ಗುದ್ದಿದನಂತೆ. ಕೈ ನೋಯಿತಷ್ಟೆ.

ಶನಿವಾರ ಲೈನು ಕೀಳಲಿಲ್ಲ. ನಕಲು ಮಾಡುವ ಕೆಲಸವನ್ನು ಬೇರೊಂದು ಯಂತ್ರಕ್ಕೆ ಒಪ್ಪಿಸಿದರು. ಆ್ಯಪ್‌ಗೂ ಒಂದು ಮಿತಿ ಹಾಕಿದರು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಚಕ್ರ ನಿಂತು, ಕರೆ ತಾನಾಗಿ ಹಳೇ ಫೋನಿಗೆ ಹೋಗಬೇಕು. ಗೋಡೆಯ ಮೇಲಿನ ಹಸಿರು ಗ್ರಾಫನ್ನು ಯಾರೋ ಕಿತ್ತರು. ಯಾರೆಂದು ಯಾರೂ ಕೇಳಲಿಲ್ಲ.

ಸಂಜೆ ಅವನು ಗ್ಯಾರೇಜಿಗೆ ಹೋದ.

"ಅಕ್ಕಾ, ಅಮ್ಮ ಒತ್ತಿದ್ರು. ಸರಿಯಾಗೇ ಒತ್ತಿದ್ರು. ಎಣಿಸದೇ ಇದ್ದಿದ್ದು ನಾವು."

ಫೋನಕ್ಕ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಟ್ರಿಣ್... ಟ್ರಿಣ್... ಅವಳು ಬೆನ್ನು ತಿರುಗಿಸಿ ಫೋನೆತ್ತಿದಳು. "ಹೇಳಿ," ಎಂದಳು. ಮತ್ತೆ ಒಂದು ಸಲ, ಕೇಳಿಸುವ ಹಾಗೆ, "ಹೇಳಿ."

ಅಲ್ಲಿಂದ ಅವನು ಮನೆಗೆ ಹೊರಟದ್ದು ಗೋದಾಮಿನ ಓಣಿ ಹಿಡಿದು. ಕತ್ತಲಾಗಿತ್ತು. ಬಾವಿ ಇರಲಿಲ್ಲ. ತಳದಿಂದ ಬಾಯಿಯವರೆಗೆ ಇಟ್ಟಿಗೆ ಚೂರು, ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದಿದ್ದರು. ಸಿಮೆಂಟು ಹಸಿಯಿದ್ದಾಗ ನಾಯಿಯೊಂದು ಅದರ ಮೇಲೆ ಹಾದುಹೋಗಿತ್ತು. ತಗಡಿನ ಅಂಗಡಿಗೆ ಇನ್ನೂ ಬೀಗವಿತ್ತು.

ಅಭ್ಯಾಸಬಲ. ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡಿದ್ದ. ಹಾಕಲು ಜಾಗವೆಲ್ಲಿ? ಮುಷ್ಟಿಯಲ್ಲೇ ಹಿಡಿದುಕೊಂಡು ಬಾವಿಯ ಜಾಗ ದಾಟಿದ. ನಾಲ್ಕು ಹೆಜ್ಜೆ ಹಾಕಿರಬಹುದು.

ಹಿಂದೆ, ಕೆಳಗೆ, ಬಹಳ ಆಳದಲ್ಲಿ...

ಗುಳುಂ.

ಅವನು ನಿಂತ. ಮತ್ತೆ ಸದ್ದಾಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ಇಸ್ತ್ರಿಯ ವಾಸನೆಯೂ ಇರಲಿಲ್ಲ. ಮುಷ್ಟಿ ಬಿಚ್ಚಿ ನೋಡಿಕೊಂಡ. ಇವತ್ತಿನ ಕಲ್ಲು ಅಂಗೈಯಲ್ಲೇ ಇತ್ತು. ಸದ್ದು ಬಾಕಿ ಉಳಿದಿದ್ದದ್ದು ಸೋಮವಾರದ್ದಕ್ಕೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಹಗಲಲ್ಲಿ ಹೋಗಿ ಆ ಸಿಮೆಂಟಿನ ಮೇಲೆ ನಿಂತು ಬಂದಿದ್ದೇನೆ. ಹಿಮ್ಮಡಿಯಿಂದ ಗುದ್ದಿಯೂ ನೋಡಿದೆ. ಗಟ್ಟಿಯಾಗಿದೆ, ಒಳಗೆ ಟೊಳ್ಳಿಲ್ಲ. ನಾಯಿಯ ಹೆಜ್ಜೆ ಇವತ್ತಿಗೂ ಇದೆ. ಕಲ್ಲು ಅವನ ಆಫೀಸಿನ ಮೇಜಿನ ಮೇಲಿದೆ.